ಅಮೀರಬಾಯಿ ಕರ್ನಾಟಕಿ ಅವರ ಗಾಯನವೂ ಅದರ ಚಾರಿತ್ರಿಕ ಸ್ಥಾನವೂ

೧

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ೧೯೭೩ರ ನವೆಂಬರ್ ೧ರಂದು. ಅದಕ್ಕೆ ಮೂರು ದಶಕಗಳ ಹಿಂದೆಯೇ ಆ ಹೆಸರು ಹಿಂದೀ ಚಿತ್ರಸಂಗೀತದ ಮೂಲಕ ಉತ್ತರ ಹಿಂದೂಸ್ಥಾನದ ಊರೂರುಗಳಲ್ಲಿ ಸಂಚರಿಸುತ್ತಿತ್ತು. ಅದನ್ನು ಹೊತ್ತು ನಡೆದವರು ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಒಬ್ಬ ಗಾಯಕಿ, ಅಮೀರಬಾಯಿ. ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವದು. ನಕಾಶೆಯಲ್ಲಿ ಇಲ್ಲದ ನಾಡಿನ ಹೆಸರು ಒಬ್ಬ ಹೆಣ್ಣುಮಗಳ ಅಡ್ಡಹೆಸರಾಗಿ ಪ್ರಸಿದ್ಧಿಗೆ ಬಂದಿತೆಂಬುದು ಚರಿತ್ರೆಯ ವಿದ್ಯಾರ್ಥಿಗಳು ಲಕ್ಷ್ಯಕ್ಕೆ ತಂದುಕೊಳ್ಳಬೇಕಾದ ಸಂಗತಿಯಾಗಿದೆ.

೧೯೪೦ರ ದಶಕದಲ್ಲಿ ಹಿಂದೀ ಚಿತ್ರಸಂಗೀತದ ಅಗ್ರಪಂಕ್ತಿಯಲ್ಲಿ ನಿಂತಿದ್ದ ಈ ಗಾಯಕಿಯ ಹೆಸರು ನಮ್ಮ ಕಾಲೇಜುಗಳ ತರಗತಿಗಳಲ್ಲಿ ಕೇಳಿಬರುವುದು ಅಪರೂಪ. ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯನ್ನು ಬೋಧಿಸುವಾಗ ನಾವು ಶಾಸನ, ಶಿಲ್ಪ, ಕಾವ್ಯಗಳನ್ನು ಪ್ರಮಾಣವಾಗಿ ಎತ್ತಿಕೊಳ್ಳುತ್ತೇವೆ. ಮೂರು ನಿಮಿಷಗಳ ಹಾಡನ್ನು ಹೊತ್ತ ಅರಗಿನ ತಟ್ಟೆಯನ್ನು ಪ್ರಮಾಣವೆಂದು ಎಣಿಸುವ ರೂಢಿ ನಮ್ಮಲ್ಲಿ ಇನ್ನೂ ನೆಲೆಯೂರಿಲ್ಲ. ಡಾ. ರಹಮತ್ ತರೀಕೆರೆಯವರು ಅಮೀರಬಾಯಿಯವರನ್ನು ಕುರಿತು ಕನ್ನಡದಲ್ಲಿ ಸ್ವತಂತ್ರ ಗ್ರಂಥವನ್ನೇ ರಚಿಸಿ ಈ ಉಪೇಕ್ಷೆಯನ್ನು ಬಹುಮಟ್ಟಿಗೆ ನೀಗಿಸಿದ್ದಾರೆ. ಅಮೀರಬಾಯಿಯವರ ಗಾಯನವು ಯಾವ ಸಾಮಾಜಿಕ ನೆಲೆಯಿಂದ ಹುಟ್ಟಿತು, ಅದರ ಭಾವಶಕ್ತಿ ಯಾವ ಬಗೆಯದು, ಆ ಶಕ್ತಿಗೆ ತಕ್ಕ ಮನ್ನಣೆ ಏಕೆ ದೊರೆಯಲಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಅಮೀರಬಾಯಿ ೨೦ನೆಯ ಶತಮಾನದ ಆರಂಭದಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯಲ್ಲಿ, ಕಲಾವಿದರ ಮನೆತನವೊಂದರಲ್ಲಿ ಜನಿಸಿದರು. ಐವರು ಅಕ್ಕತಂಗಿಯರಲ್ಲಿ ಇಬ್ಬರು ವಿಶೇಷವಾಗಿ ಪ್ರಸಿದ್ಧಿಗೆ ಬಂದರು. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ನಾಟಕಮಂಡಳಿಯಲ್ಲಿ ಗಾಯಕನಟಿಯಾಗಿ, ಮುಂದೆ ಅವರ ಬಾಳಸಂಗಾತಿಯಾಗಿ ನಿಂತರು. ತಂಗಿ ಅಮೀರಬಾಯಿ ಮೆಟ್ರಿಕ್‌ವರೆಗೆ ಓದಿ ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ತೆರಳಿದರು.

ಈ ಕುಟುಂಬವನ್ನು ಅದರ ಕಾಲದ ರಂಗಭೂಮಿಯ ಹಿನ್ನೆಲೆಯಲ್ಲಿ ನೋಡಬೇಕು. ೧೯ನೆಯ ಶತಮಾನದ ಕೊನೆಯ ಭಾಗದಿಂದ ೨೦ನೆಯ ಶತಮಾನದ ಮಧ್ಯದವರೆಗೆ ಉತ್ತರ ಕರ್ನಾಟಕದಲ್ಲಿ ವೃತ್ತಿನಾಟಕ ಕಂಪನಿಗಳು ಬಹುಸಂಖ್ಯೆಯಲ್ಲಿ ತಲೆಯೆತ್ತಿದವು. ಶಿರಹಟ್ಟಿ ವೆಂಕೋಬರಾಯರು, ವಾಮನರಾವ್ ಮಾಸ್ತರರು, ಗದಗಿನ ಗರುಡ ಸದಾಶಿವರಾಯರು ಮುಂತಾದವರು ಕಟ್ಟಿ ಬೆಳೆಸಿದ ಮಂಡಳಿಗಳು ಊರಿಂದೂರಿಗೆ ಬಿಡಾರ ಹೂಡುತ್ತಿದ್ದವು. ಅನೇಕ ಮಂಡಳಿಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ನಿರ್ವಹಿಸುತ್ತಿದ್ದರು. ಮರ್ಯಾದಸ್ಥ ಮನೆತನಗಳ ಹೆಣ್ಣುಮಕ್ಕಳು ರಂಗವೇರುವುದನ್ನು ಸಮಾಜ ಒಪ್ಪುತ್ತಿರಲಿಲ್ಲ. ರಂಗವೇರಿದವರು ಪ್ರಾಯಶಃ ಹಾಡುವುದನ್ನೇ ಕುಲವೃತ್ತಿಯನ್ನಾಗಿ ಉಳ್ಳ ಮನೆತನಗಳ ಸ್ತ್ರೀಯರು. ಲಕ್ಷ್ಮೇಶ್ವರದ ಬಚ್ಚಾಸಾನಿ ಸ್ತ್ರೀಯರದೇ ಆದ ನಾಟಕಮಂಡಳಿಯನ್ನು ಕಟ್ಟಿದ್ದು ಈ ಪರಂಪರೆಯ ಸಾಹಸದ ಉದಾಹರಣೆ. ಸಮಾಜವು ಈ ಸ್ತ್ರೀಯರ ಹಾಡನ್ನು ಬೇಡಿತು. ಹಾಡಿದವರನ್ನು ಮಾತ್ರ ಮನೆಯ ಹೊಸ್ತಿಲಾಚೆ ನಿಲ್ಲಿಸಿತು. ಅಮೀರಬಾಯಿಯವರಿಗೆ ಮುಂದೆ ದೊರೆತ ಕೀರ್ತಿಗೂ ಅವರನ್ನು ಕವಿದ ಮರೆವಿಗೂ ಈ ದ್ವಂದ್ವವೇ ಮೂಲವೆಂದು ಹೇಳಬಹುದು.

ಕನ್ನಡದ ಗಾಯಕಿ ಮುಂಬಯಿಗೆ ಹೋದುದಕ್ಕೆ ಆಡಳಿತದ ಕಾರಣವೂ ಉಂಟು. ವಿಜಾಪುರ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಇಲಾಖೆಯ ರಾಜಧಾನಿಯೇ ಚಿತ್ರೋದ್ಯಮದ ಕೇಂದ್ರವೂ ಆಗಿತ್ತು. ಗದಗ–ಹೋಟಗಿ ರೈಲುಮಾರ್ಗ ವಿಜಾಪುರವನ್ನು ಸೊಲ್ಲಾಪುರದ ಕಡೆಗೂ, ಅಲ್ಲಿಂದ ಮುಂಬಯಿಗೂ ಜೋಡಿಸಿತ್ತು. ‘ಆಲಂ ಆರಾ’ ೧೯೩೧ರಲ್ಲಿ ತೆರೆಕಂಡ ಬಳಿಕ ಹಾಡಬಲ್ಲ ನಟಿಯರಿಗೆ ಬೇಡಿಕೆ ಹೆಚ್ಚಿತು. ಕನ್ನಡದಲ್ಲಿ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು ೧೯೩೪ರಲ್ಲಿ. ಅದು ಕೂಡ ತಯಾರಾದದ್ದು ಕೊಲ್ಲಾಪುರದಲ್ಲಿ. ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟಿದ್ದ ಆ ದಿನಗಳಲ್ಲಿ ಗಾಯನವನ್ನು ನಂಬಿ ಬದುಕಬೇಕಾದವರಿಗೆ ಮುಂಬಯಿಯಲ್ಲದೆ ಬೇರೆ ಗತಿಯಿರಲಿಲ್ಲ.

೩

ಮುಂಬಯಿಯಲ್ಲಿ ಅವರ ಹೆಸರನ್ನು ಮೊದಲು ಹರಡಿದ್ದು ಎಚ್.ಎಂ.ವಿ. ಕಂಪನಿಗಾಗಿ ಹಾಡಿದ ಒಂದು ಕವ್ವಾಲಿ. ೧೯೩೪ರ ‘ವಿಷ್ಣುಭಕ್ತಿ’ಯೊಂದಿಗೆ ಅವರು ಚಿತ್ರರಂಗವನ್ನು ಪ್ರವೇಶಿಸಿದರು. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬೇರೂರಿರಲಿಲ್ಲ, ನಟಿಸುವವರೇ ಹಾಡಬೇಕಾಗಿತ್ತು. ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯಲ್ಲಿ ರಾಯಚಂದ ಬೋರಾಲರು ೧೯೩೫ರಲ್ಲಿ ಈ ಪದ್ಧತಿಯನ್ನು ಬಳಕೆಗೆ ತಂದ ಬಳಿಕ ಪರಿಸ್ಥಿತಿ ಮೆಲ್ಲನೆ ಬದಲಾಯಿತು. ಮುಖವೊಂದು ಕಂಠವೊಂದು ಎಂಬ ಈ ವ್ಯವಸ್ಥೆ ಅಮೀರಬಾಯಿಯವರಂಥವರಿಗೆ ಹೊಸ ದಾರಿಯನ್ನು ತೆರೆಯಿತು. ಅದರ ಜೊತೆಗೆ ಅವರನ್ನು ತೆರೆಯ ಮರೆಗೂ ಸರಿಸಿತು.

೧೯೪೦ರಲ್ಲಿ ವಿಜಯ ಭಟ್ಟರು ನಿರ್ದೇಶಿಸಿದ ‘ನರಸೀ ಭಗತ್’ ಚಿತ್ರದಲ್ಲಿ ವಿಷ್ಣುಪಂತ ಪಾಗ್ನೀಸರೊಡನೆ ಅಮೀರಬಾಯಿಯವರ ಕಂಠವೂ ಕೇಳಿಬಂದಿತು. ಗಾಂಧೀಜಿಯವರ ಪ್ರಾರ್ಥನಾಸಭೆಗಳಿಂದ ದೇಶಕ್ಕೆಲ್ಲ ಪರಿಚಿತವಾದ, ನರಸಿಂಹ ಮೆಹತಾ ರಚಿಸಿದ ವೈಷ್ಣವ ಭಜನೆಯನ್ನು ಈ ಚಿತ್ರದಲ್ಲಿ ಅವರು ಹಾಡಿದರು. ಕನ್ನಡ ನಾಡಿನ ಮುಸಲ್ಮಾನ ಮನೆತನದ ಗಾಯಕಿಯೊಬ್ಬರು ಗುಜರಾತಿನ ಭಕ್ತಕವಿಯ ನುಡಿಗೆ ಕಂಠವಾದದ್ದು ಅಂದಿನ ಶ್ರೋತೃಗಳಿಗೆ ವಿಚಿತ್ರವಾಗಿ ತೋರಲಿಲ್ಲ. ಗೋವಿಂದಭಟ್ಟರ ಶಿಷ್ಯರಾಗಿದ್ದ ಶಿಶುನಾಳ ಶರೀಫರನ್ನು ಕಂಡ ನಾಡಿನಿಂದ ಬಂದವರಿಗೆ ಅದು ಸಹಜವೇ ಆಗಿತ್ತು. ೧೯೪೬ರ ಗುಜರಾತಿ ಚಿತ್ರ ‘ರಾಣಕದೇವಿ’ಗಾಗಿ ಹಾಡಿದ ಗ್ರಾಮಜೀವನದ ಗೀತವೊಂದು ಗುಜರಾತಿನ ಮನೆಮನೆಗಳಲ್ಲಿ ನೆಲೆನಿಂತಿತು. ಹಿಂದೀ, ಗುಜರಾತಿಗಳಲ್ಲದೆ ಮಾರವಾಡಿ ಚಿತ್ರಗಳಲ್ಲಿಯೂ ಅವರು ದುಡಿದರು.

೪

ಅಮೀರಬಾಯಿಯವರ ಕೀರ್ತಿಯನ್ನು ಶಿಖರಕ್ಕೇರಿಸಿದುದು ೧೯೪೩ರ ‘ಕಿಸ್ಮತ್’. ಬಾಂಬೆ ಟಾಕೀಸ್ ಸಂಸ್ಥೆಗಾಗಿ ಜ್ಞಾನ ಮುಖರ್ಜಿ ನಿರ್ದೇಶಿಸಿದ ಈ ಚಿತ್ರ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಸಂಗೀತ ಅನಿಲ ಬಿಸ್ವಾಸರದು. ಗೀತರಚನೆ ಕವಿ ಪ್ರದೀಪರದು. ನಾಯಕಿ ಮುಮ್ತಾಜ್ ಶಾಂತಿಯವರ ಪಾತ್ರ ಕಾಲು ಊನವಾದ ಒಬ್ಬ ರಂಗಗಾಯಕಿಯದು. ಆ ಪಾತ್ರಕ್ಕೆ ಕಂಠವಾದವರು ಅಮೀರಬಾಯಿ. ರಂಗದ ಮೇಲೆ ಹಾಡಿ ಹೊಟ್ಟೆಹೊರೆಯುವ ಹೆಣ್ಣಿನ ಪಾಡು ಗಾಯಕಿಗೆ ಬಾಲ್ಯದಿಂದ ಕಂಡುಂಡ ಪ್ರಪಂಚವೇ ಆಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಈ ಚಿತ್ರದ ಒಂದು ಹಾಡಿಗೆ ರಾಜಕೀಯ ಮಹತ್ತ್ವವಿದೆ. ೧೯೪೨ರ ಆಗಸ್ಟ್ ಚಳವಳಿಯನ್ನು ಸರಕಾರ ದಮನಮಾಡಿ ವರ್ಷ ತುಂಬುವ ಮೊದಲೇ, ಪರದೇಶಿಯರು ನೆಲಬಿಟ್ಟು ತೊಲಗಬೇಕೆಂದು ಸಾರುವ ಹಾಡೊಂದು ಚಿತ್ರಮಂದಿರಗಳಲ್ಲಿ ಬಹಿರಂಗವಾಗಿ ಮೊಳಗಿತು. ಪ್ರದೀಪರು ಅದರಲ್ಲಿ ಜರ್ಮನರ ಹಾಗೂ ಜಪಾನೀಯರ ಹೆಸರನ್ನು ಸೇರಿಸಿ, ಯುದ್ಧಕಾಲದ ಪರಿಶೀಲನಾಧಿಕಾರಿಗಳ ಕಣ್ಣಿಗೆ ಅದು ಬ್ರಿಟಿಷರ ಶತ್ರುಗಳನ್ನೇ ಉದ್ದೇಶಿಸಿದಂತೆ ತೋರುವ ಹಾಗೆ ಹೊಸೆದಿದ್ದರು. ಪ್ರೇಕ್ಷಕರಿಗೆ ಅದರ ನಿಜವಾದ ಗುರಿ ತಿಳಿಯದೆ ಇರಲಿಲ್ಲ. ಹಾಡನ್ನು ಮತ್ತೆ ಮತ್ತೆ ತೋರಿಸಬೇಕೆಂದು ಪ್ರೇಕ್ಷಕರು ಪಟ್ಟುಹಿಡಿಯುತ್ತಿದ್ದರೆಂಬ ಹೇಳಿಕೆಯುಂಟು. ಖಾನ್ ಮಸ್ತಾನರೊಡನೆ ಅದನ್ನು ಹಾಡಿದವರು ಅಮೀರಬಾಯಿ. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಕರ್ನಾಟಕದ ಪಾತ್ರವನ್ನು ವಿವರಿಸುವ ಪಾಠಗಳಲ್ಲಿ ನಾವು ಶಿವಪುರದ ಧ್ವಜಸತ್ಯಾಗ್ರಹವನ್ನು, ಈಸೂರಿನ ಬಲಿದಾನವನ್ನು ಸ್ಮರಿಸುತ್ತೇವೆ. ಕೋಟ್ಯಂತರ ಕಿವಿಗಳನ್ನು ತಲುಪಿದ ಈ ಕಂಠವನ್ನೂ ಅಲ್ಲಿಯೇ ಸ್ಮರಿಸುವುದು ಅತಿಶಯವಾಗಲಾರದು.

ಆದರೆ ಅದೇ ಚಿತ್ರದ ಇನ್ನೆರಡು ಹಾಡುಗಳಲ್ಲಿ ಅವರ ಪ್ರತಿಭೆ ಇನ್ನೂ ಆಳವಾಗಿ ಕಾಣುತ್ತದೆ. ಒಂದು ಕೃಷ್ಣನಿಗೆ ಮೊರೆಯಿಡುವ ಅನಾಥಳ ಪ್ರಾರ್ಥನೆ. ಇನ್ನೊಂದು ಊರಿಗೆ ಊರೇ ದೀಪಾವಳಿಯ ಸಂಭ್ರಮದಲ್ಲಿರುವಾಗ ಹಬ್ಬವಿಲ್ಲದ ಮನೆಯ ಹೆಣ್ಣಿನ ಕೊರಗು. ಮೊದಲನೆಯದರಲ್ಲಿ ಗಾಯಕಿ ದೇವರನ್ನು ಬೇಡುವುದಕ್ಕಿಂತ ಹೆಚ್ಚಾಗಿ ಅವನೊಡನೆ ವಾದಕ್ಕೆ ನಿಂತಂತೆ ಕೇಳುತ್ತದೆ. ಹರಿದಾಸರ ನಿಂದಾಸ್ತುತಿಗಳನ್ನು ಕೇಳಿ ಬೆಳೆದ ಕನ್ನಡ ಕಿವಿಗೆ ಈ ಸಲಿಗೆ ಅಪರಿಚಿತವಲ್ಲ.

೧೯೪೪ರ ‘ರತನ್’ ಚಿತ್ರದಲ್ಲಿ ನೌಷಾದರ ಸಂಗೀತದಲ್ಲಿ ಹಾಡಿದ ಅಗಲಿಕೆಯ ಗೀತ, ಅದೇ ವರ್ಷದ ‘ಭರ್ತೃಹರಿ’ಯಲ್ಲಿ ಖೇಮಚಂದ ಪ್ರಕಾಶರ ಸಂಗೀತದಲ್ಲಿ ಸುರೇಂದ್ರರೊಡನೆ ಹಾಡಿದ ಭಿಕ್ಷಾಗೀತ, ೧೯೪೭ರ ‘ಶಹನಾಯಿ’ಯಲ್ಲಿ ಸಿ. ರಾಮಚಂದ್ರರ ಸಂಗೀತದಲ್ಲಿ ಹಾಡಿದ ವಿಷಾದಗೀತ — ಇವು ಆ ಕಾಲಾವಧಿಯ ಉಳಿದ ಮೈಲುಗಲ್ಲುಗಳು. ೧೯೪೮ರಲ್ಲಿ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನವನ್ನೂ ಮಾಡಿದರು. ಜದ್ದನಬಾಯಿ, ಸರಸ್ವತೀದೇವಿ ಮೊದಲಾದ ಕೆಲವೇ ಸ್ತ್ರೀಯರು ಕೈಹಾಕಿದ್ದ ಕಾರ್ಯವದು.

೫

ಈ ಗಾಯನದ ಭಾವಶಕ್ತಿಯ ಸ್ವರೂಪವೇನು? ಮೊದಲನೆಯದಾಗಿ ಇದು ರಂಗಭೂಮಿಯ ಕಂಠ. ಧ್ವನಿವರ್ಧಕವಿಲ್ಲದ ನಾಟಕಶಾಲೆಯಲ್ಲಿ ಹಿಂದಿನ ಸಾಲಿನ ಪ್ರೇಕ್ಷಕನನ್ನೂ ಮುಟ್ಟಬೇಕಾಗಿದ್ದ ಪರಂಪರೆಯಿಂದ ಬಂದ, ಎದೆಯಿಂದ ಏಳುವ ತುಂಬು ದನಿ. ಅದರಲ್ಲಿ ಮೂಗಿನ ಅನುರಣನದ ಸುಳಿವೂ ಉಂಟು. ಇಂಥ ದನಿಗೆ ಮೈಕಿನ ಮುಂದೆ ಅಬ್ಬರವಾಗುವ ಅಪಾಯವಿತ್ತು. ಅಮೀರಬಾಯಿ ದನಿಯ ಗಾತ್ರವನ್ನು ಉಳಿಸಿಕೊಂಡೇ ಅದರ ವೇಗವನ್ನು ತಗ್ಗಿಸಿದರು. ‘ರತನ್’ ಚಿತ್ರದ ಗೀತವನ್ನು ಅದೇ ಚಿತ್ರದಲ್ಲಿ ಜೊಹರಾಬಾಯಿ ಅಂಬಾಲೆವಾಲಿಯವರು ಹಾಡಿದ ಗೀತಗಳೊಡನೆ ಹೋಲಿಸಿದರೆ ಈ ವಿಶೇಷ ಸ್ಪಷ್ಟವಾಗುತ್ತದೆ. ಜೊಹರಾಬಾಯಿಯವರ ಕಂಠದಲ್ಲಿ ಉತ್ಸಾಹವೂ ಚಾಪಲ್ಯವೂ ಚಿಮ್ಮುತ್ತವೆ. ಅಮೀರಬಾಯಿಯವರ ಕಂಠದಲ್ಲಿ ದುಃಖವು ಹೆಪ್ಪುಗಟ್ಟಿ ನಿಲ್ಲುತ್ತದೆ.

ಎರಡನೆಯದಾಗಿ, ಅವರು ಮಾತಿಗೆ ಕೊಡುವ ತೂಕ ಗಮನಾರ್ಹ. ನಾಟಕದ ಹಾಡಿನಲ್ಲಿ ರಾಗವಿಸ್ತಾರಕ್ಕೆ ಎಡೆಯಿದ್ದರೂ ಸಾಹಿತ್ಯ ಕೇಳದೆ ಹೋದರೆ ಕಥೆಯೇ ಕೆಡುತ್ತದೆ. ಈ ಶಿಸ್ತಿನಿಂದಾಗಿ ಅವರ ಉಚ್ಚಾರದಲ್ಲಿ ಪ್ರತಿ ಶಬ್ದವೂ ಬಿಡಿಬಿಡಿಯಾಗಿ ಕೇಳುತ್ತದೆ. ಸಾಲಿನ ಕೊನೆಯ ಶಬ್ದ ಉಸಿರಿನಲ್ಲಿ ಕರಗುತ್ತದೆ. ಮೂರನೆಯದಾಗಿ, ಅವರಲ್ಲಿ ಅಳುವಿನ ಅನುಕರಣೆಯಿಲ್ಲ. ಬಿಕ್ಕಳಿಕೆ, ನಿಟ್ಟುಸಿರುಗಳಂಥ ಸುಲಭ ಸಾಧನಗಳಿಗೆ ಅವರು ಕೈಚಾಚಲಿಲ್ಲ. ಸ್ವರವು ಸ್ವಸ್ಥಾನದಲ್ಲಿ ಗಟ್ಟಿಯಾಗಿ ನಿಂತಿರುವಾಗಲೇ ಕೇಳುವವರ ಕಣ್ಣು ತೇವವಾಗುತ್ತದೆ.

ಅವರ ವೈಯಕ್ತಿಕ ಜೀವನದ ಕಷ್ಟಗಳಿಂದ ಈ ಭಾವವನ್ನು ವಿವರಿಸುವುದುಂಟು. ಹಿಮಾಲಯವಾಲಾ ಎಂಬ ಹೆಸರಿನಿಂದ ಖಳಪಾತ್ರಗಳಲ್ಲಿ ಪ್ರಸಿದ್ಧರಾಗಿದ್ದ ನಟನೊಡನೆ ಆದ ವಿವಾಹ ಅವರಿಗೆ ಯಾತನೆಯನ್ನೇ ತಂದು ವಿಚ್ಛೇದನದಲ್ಲಿ ಮುಗಿಯಿತು. ದೇಶವಿಭಜನೆಯ ಬಳಿಕ ಆತ ಪಾಕಿಸ್ತಾನಕ್ಕೆ ಹೋದರು. ಮುಂದೆ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರೀ ಕಾಂಚವಾಲಾ ಅವರನ್ನು ವಿವಾಹವಾದ ಮೇಲೆ ಅವರ ಬಾಳಿಗೆ ಆಸರೆ ದೊರೆಯಿತು. ಈ ಸಂಗತಿಗಳು ಸತ್ಯವಾದರೂ ಹಾಡಿನ ಕಾರಣವೆಂದು ಅವನ್ನು ಮುಂದಿಡುವುದು ಚರಿತ್ರಕಾರನಿಗೆ ಸಲ್ಲದು. ಹಾಡಿನ ನುಡಿ ಕವಿಯದು, ಧಾಟಿ ಸಂಗೀತ ನಿರ್ದೇಶಕನದು, ಸಂದರ್ಭ ಚಿತ್ರಕಥೆಯದು. ಗಾಯಕಿಯದಾದುದು ಆಕೆಯ ಕಲೆ. ಪುರುಷ ಗಾಯಕನ ಶೋಕಗೀತವನ್ನು ಅವನ ಸಾಧನೆಯೆಂದು ಹೊಗಳುವ ನಾವು, ಸ್ತ್ರೀಯ ಶೋಕಗೀತವನ್ನು ಆಕೆಯ ಹಣೆಬರಹವೆಂದು ಹೇಳಿ ಮುಗಿಸಿದರೆ, ಆಕೆ ವರ್ಷಗಟ್ಟಲೆ ದುಡಿದು ಗಳಿಸಿದ ವಿದ್ಯೆಯನ್ನು ಆಕೆಯಿಂದ ಕಸಿದುಕೊಂಡಂತಾಗುತ್ತದೆ.

೬

ಇಂಥ ಕಂಠ ಹಿಂದೆ ಸರಿದುದಕ್ಕೆ ಕಾರಣಗಳು ಹಲವು. ೧೯೪೯ರಲ್ಲಿ ‘ಮಹಲ್’, ‘ಬರಸಾತ್’, ‘ಅಂದಾಜ್’ ಚಿತ್ರಗಳು ಒಂದೇ ವರ್ಷ ತೆರೆಕಂಡು ಲತಾ ಮಂಗೇಶಕರರ ಯುಗವನ್ನು ಆರಂಭಿಸಿದವು. ತೆಳುವಾದ, ಎತ್ತರದ ಶ್ರುತಿಯ, ಮೈಕಿನ ಸೂಕ್ಷ್ಮಕ್ಕೆ ಹೊಂದಿದ ದನಿಯೇ ನಾಯಕಿಯ ದನಿಯೆಂಬ ಅಭಿರುಚಿ ನೆಲೆಗೊಂಡಿತು. ೧೯೫೦ರ ‘ಸಮಾಧಿ’ ಚಿತ್ರದ ಪ್ರಸಿದ್ಧ ಯುಗಳಗೀತದಲ್ಲಿ ಲತಾ ಮತ್ತು ಅಮೀರಬಾಯಿ ಇಬ್ಬರ ಕಂಠವನ್ನೂ ಒಟ್ಟಿಗೆ ಕೇಳಬಹುದು. ಒಂದು ಯುಗ ಇನ್ನೊಂದಕ್ಕೆ ಎಡೆಬಿಡುತ್ತಿರುವ ಗಳಿಗೆಯನ್ನು ಇಷ್ಟು ಸ್ಪಷ್ಟವಾಗಿ ದಾಖಲಿಸಿದ ಲಿಖಿತ ದಸ್ತಾವೇಜು ದೊರೆಯುವುದು ಕಷ್ಟ. ಆಮೇಲೆ ಅಮೀರಬಾಯಿ ಹೆಚ್ಚಾಗಿ ಪೋಷಕ ಪಾತ್ರಗಳಲ್ಲಿ ನಟಿಸಿದರು. ೧೯೬೫ರ ಮಾರ್ಚ್ ೩ರಂದು ಅವರು ನಿಧನರಾದರು.

ಎರಡನೆಯ ಕಾರಣ ಉದ್ಯಮದ ಪದ್ಧತಿಯದು. ಆ ಕಾಲದ ಅನೇಕ ತಟ್ಟೆಗಳ ಮೇಲೆ ಹಾಡಿದವರ ಹೆಸರಿಗೆ ಬದಲಾಗಿ ಚಿತ್ರದ ಪಾತ್ರದ ಹೆಸರೇ ಅಚ್ಚಾಗುತ್ತಿತ್ತು. ‘ಮಹಲ್’ ಚಿತ್ರದ ಪ್ರಸಿದ್ಧ ಗೀತದ ತಟ್ಟೆಯ ಮೇಲೆ ಸ್ವತಃ ಲತಾ ಅವರ ಹೆಸರಿರಲಿಲ್ಲ. ‘ಕಾಮಿನಿ’ ಎಂಬ ಪಾತ್ರನಾಮವಿತ್ತು. ನಮ್ಮ ಗಂಗೂಬಾಯಿ ಹಾನಗಲ್ಲರ ಆರಂಭದ ಧ್ವನಿಮುದ್ರಿಕೆಗಳೂ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಹಾಡುವ ಸ್ತ್ರೀಗೆ ತನ್ನ ಹೆಸರನ್ನು ಉಳಿಸಿಕೊಳ್ಳುವುದೇ ಒಂದು ಹೋರಾಟವಾಗಿತ್ತು. ಗಂಗೂಬಾಯಿಯವರು ಶಾಸ್ತ್ರೀಯ ಸಂಗೀತದ ಕಛೇರಿಗಳ ಮೂಲಕ ಆ ಹೋರಾಟವನ್ನು ಗೆದ್ದರು. ಚಲನಚಿತ್ರದ ಹಾಡನ್ನು ವಿದ್ಯೆಯೆಂದು ಎಣಿಸದ ಸಮಾಜದಲ್ಲಿ ಅಮೀರಬಾಯಿಯವರಿಗೆ ಆ ಅವಕಾಶವಿರಲಿಲ್ಲ.

ಮೂರನೆಯದು ಪ್ರಾಂತಗಳ ನಡುವಣ ಮರೆವು. ಹಿಂದೀ ಚಿತ್ರಸಂಗೀತದ ಚರಿತ್ರಕಾರರಿಗೆ ಅವರು ಲತಾ ಅವರಿಗೆ ಪೂರ್ವದ ಗಾಯಕಿಯರ ಪಟ್ಟಿಯಲ್ಲಿ ಒಂದು ಹೆಸರು. ಕನ್ನಡಿಗರಿಗೆ ಅವರು ಅನ್ಯಭಾಷೆಯಲ್ಲಿ ಹಾಡಿದವರು. ವಿಜಾಪುರದಲ್ಲಿ ಅವರ ಹೆಸರಿನಲ್ಲಿ ನಡೆದ ಅಮೀರ ಟಾಕೀಸ್ ಚಿತ್ರಮಂದಿರ ಮಾತ್ರ ಆ ಹೆಸರನ್ನು ತವರು ನೆಲದಲ್ಲಿ ಬಹುಕಾಲ ಎತ್ತಿಹಿಡಿಯಿತು.

೭

ರಾಯಚೂರು ಜಿಲ್ಲೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ೧೯೪೮ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಆಡಳಿತದ ಭಾಷೆ ಉರ್ದು. ಆದುದರಿಂದ ಮುಂಬಯಿಯ ಚಿತ್ರಗೀತಗಳ ಮಾತು ಇಲ್ಲಿನ ಓದುಬಲ್ಲವರಿಗೆ ಪರಕೀಯವಾಗಿರಲಿಲ್ಲ. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುಮಾರ್ಗವೂ ಮದ್ರಾಸಿನ ಕಡೆಯ ಮಾರ್ಗವೂ ಬಂದು ಕೂಡಿದ್ದು ರಾಯಚೂರಿನಲ್ಲಿಯೇ.

ಭಾವಗಾಯನವೂ ಈ ನೆಲಕ್ಕೆ ಹೊಸದಲ್ಲ. ವಿಜಯದಾಸರ ಜನ್ಮಸ್ಥಳವಾದ ಚೀಕಲಪರ್ವಿ ಮಾನ್ವಿ ತಾಲೂಕಿನಲ್ಲಿದೆ. ಜಗನ್ನಾಥದಾಸರು ನೆಲಸಿದ್ದು ಮಾನ್ವಿಯಲ್ಲಿ. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಮೊಹರಮ್ಮಿನ ದಿನಗಳಲ್ಲಿ ಕರ್ಬಲಾದ ಶೋಕವನ್ನು ಕನ್ನಡದಲ್ಲಿ ಹಾಡುವ ರಿವಾಯತ ಪದಗಳಿಗೆ ಮತಭೇದವಿಲ್ಲದೆ ಜನ ಸೇರುತ್ತಾರೆ. ನೀರಮಾನ್ವಿಯ ಯಲ್ಲಮ್ಮನ ಜಾತ್ರೆಯನ್ನು ಬಲ್ಲವರಿಗೆ ಚೌಡಿಕೆಯ ದನಿಯನ್ನೂ, ಅದರೊಡನೆ ಏರುವ ಜೋಗತಿಯರ ಕಂಠವನ್ನೂ ಬಣ್ಣಿಸಿ ಹೇಳಬೇಕಾಗಿಲ್ಲ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ರಚನೆಗಳು ಬರೆಹದಲ್ಲಿ ಉಳಿದುವಾದ್ದರಿಂದ ಸಾಹಿತ್ಯಚರಿತ್ರೆಯಲ್ಲಿ ಅವರಿಗೆ ಸ್ಥಾನ ದೊರೆಯಿತು. ಕಂಠವನ್ನೇ ಬಂಡವಾಳವಾಗಿ ಉಳ್ಳ ಸಾವಿರಾರು ಸ್ತ್ರೀಯರಿಗೆ ಬರೆಹದ ಈ ಆಸರೆಯಿರಲಿಲ್ಲ. ತಟ್ಟೆಯ ದೆಸೆಯಿಂದ ಉಳಿದ ಕೆಲವೇ ಕಂಠಗಳಲ್ಲಿ ಅಮೀರಬಾಯಿಯವರದೊಂದು. ಅವರನ್ನು ಕೇಳುವಾಗ, ದಾಖಲೆಯಾಗದೆ ಹೋದ ಆ ಕಂಠಗಳ ಬಗೆಯೂ ಸ್ವಲ್ಪಮಟ್ಟಿಗೆ ನಮ್ಮ ಊಹೆಗೆ ನಿಲುಕುತ್ತದೆ.

ಈ ದೃಷ್ಟಿಯಿಂದ ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕಾರ್ಯ ಬಹಳವಿದೆ. ಹಳೆಯ ಮನೆಗಳ ಅಟ್ಟಗಳಲ್ಲಿ ೭೮ ಸುತ್ತಿನ ತಟ್ಟೆಗಳಿದ್ದರೆ ಅವುಗಳ ಮೇಲಿನ ಹೆಸರು, ಸಂಖ್ಯೆ, ಕಂಪನಿಗಳನ್ನು ಶಾಸನದ ಪಾಠವನ್ನು ಬರೆದುಕೊಳ್ಳುವಷ್ಟೇ ಎಚ್ಚರದಿಂದ ಬರೆದುಕೊಳ್ಳಬೇಕು. ಟೂರಿಂಗ್ ಟಾಕೀಸುಗಳನ್ನು ಕಂಡ ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಜಾತ್ರೆಗಳಲ್ಲಿ ಹಾಡುವ ಸ್ತ್ರೀಯರ ಹಾಡನ್ನು ಸಂಗ್ರಹಿಸುವಾಗ, ಅವರು ಒಪ್ಪಿದರೆ, ಹಾಡಿನ ಜೊತೆಗೆ ಹಾಡಿದವರ ಹೆಸರನ್ನೂ ತಪ್ಪದೆ ದಾಖಲಿಸಬೇಕು. ಜಾನಪದವೆಂಬ ಮಾತಿನ ಮರೆಯಲ್ಲಿ ಗಾಯಕಿಯ ಹೆಸರನ್ನು ಬಿಟ್ಟುಬಿಡುವ ಸಂಗ್ರಾಹಕನಿಗೂ ಪಾತ್ರದ ಹೆಸರನ್ನು ಅಚ್ಚುಹಾಕಿದ ತಟ್ಟೆಯ ಕಂಪನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

೮

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಅಮೀರಬಾಯಿಯವರ ಗಾಯನವು ಉತ್ತರ ಕರ್ನಾಟಕದ ರಂಗಪರಂಪರೆಯ ಫಲ. ಮುಂಬಯಿ ಅದಕ್ಕೆ ವೇದಿಕೆಯನ್ನು ಒದಗಿಸಿತು. ಅವರ ಭಾವಶಕ್ತಿ ದುಃಖದ ಪ್ರದರ್ಶನದಲ್ಲಿಲ್ಲ. ದನಿಯ ಗಾತ್ರವನ್ನೂ ಮಾತಿನ ತೂಕವನ್ನೂ ಹದವರಿತು ಬಳಸಿದ ಸಂಯಮದಲ್ಲಿದೆ. ಅವರಿಗೆ ಒದಗಿದ ಉಪೇಕ್ಷೆಗೆ ಅಭಿರುಚಿಯ ಬದಲಾವಣೆಯಷ್ಟೇ ಕಾರಣವಲ್ಲ. ಹಾಡುವ ಸ್ತ್ರೀಯ ಹೆಸರನ್ನು ಉಳಿಸಲಿಚ್ಛಿಸದ ಸಾಮಾಜಿಕ ವ್ಯವಸ್ಥೆಯೂ, ಅನ್ಯಭಾಷೆಯಲ್ಲಿ ಹಾಡಿದವರನ್ನು ತನ್ನವರೆಂದು ಎಣಿಸದ ನಮ್ಮ ಸಂಕೋಚವೂ ಕಾರಣಗಳು.

ತಮ್ಮ ಹೆಸರಿನೊಡನೆ ನಾಡಿನ ಹೆಸರನ್ನು ಅವರು ಕೊನೆಯವರೆಗೂ ಹೊತ್ತರು. ನಾಡಿನ ಚರಿತ್ರೆಯಲ್ಲಿ ಅವರ ಹೆಸರನ್ನು ಬರೆಯುವುದು ಈಗ ನಮ್ಮ ಪಾಲಿನ ಕೆಲಸ.